ಸ್ಕ್ರೀನಿನ ಮೂಲೆಯ ಕೈ

ನರಗುಂದ
೧೨-೯-೨೦೨೪

ಚಿ. ಸೌ. ಪುಷ್ಪಾವತಿಗೆ,

ನಿನಗೆ ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಗಜೇಂದ್ರಗಡದ ಬಸ್ಸಿನ ಕಂಡಕ್ಟರ್ ದುರ್ಗೇಶ ಹೇಳಿದ. ಬಹಳ ಸಂತೋಷವಾಯಿತು. ಸೊಸೆಯ ತವರು ಹೊಳೆಮಣ್ಣೂರಿನಲ್ಲಿ ಮನೆಯ ತನಕ ಹೊಳೆ ಬಂದದ್ದರಿಂದ ಬಾಣಂತನವನ್ನೂ ನೀನೇ ಮಾಡುತ್ತಿರುವೆಯಂತೆ. ದುರ್ಗೇಶನ ಕೈಯಲ್ಲಿ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕಳಿಸಿದ್ದೇನೆ. ನನ್ನದೇ. ಸ್ಟುಡಿಯೋ ಮುಚ್ಚಿದ ಮೇಲೆ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಚಾರ್ಜರು ಜೊತೆಗಿದೆ. ಕೂಸಿನ ಫೋಟೋ ತೆಗೆದುಕೊಳ್ಳಿರಿ. ಎಳೆಗೂಸು ದಿನಕ್ಕೊಂದು ಮುಖ ಮಾಡುತ್ತದೆ, ಹೋದ ಮುಖ ಮತ್ತೆ ಬರುವುದಿಲ್ಲ.

ತಿಳಿಯದ್ದನ್ನು ಬರೆದು ಕೇಳು.

ಇಂತು ನಿನ್ನ ಅಣ್ಣ,
ಗವಿಸಿದ್ದಪ್ಪ


ಗಜೇಂದ್ರಗಡ
೨೦-೯-೨೦೨೪

ನರಗುಂದದ ಅಣ್ಣನವರಾದ ಶ್ರೀ ಗವಿಸಿದ್ದಪ್ಪನವರ ಪಾದಗಳಿಗೆ ತಂಗಿ ಪುಷ್ಪಾವತಿಯ ನಮಸ್ಕಾರಗಳು.

ಇಷ್ಟು ಮರ್ಯಾದೆ ಸಾಕೋ, ಇನ್ನೂ ಬೇಕೋ? ತಂಗಿಗೆ ಬರೆಯುವ ನಾಲ್ಕು ಸಾಲನ್ನು ಮಗನ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿ ಕಳಿಸಿದ್ದೀಯಲ್ಲ, ದುರ್ಗೇಶ ತಂದದ್ದಕ್ಕೆ ಸರಿಹೋಯಿತು. ಪೋಸ್ಟಿನಲ್ಲಿ ಬಂದಿದ್ದರೆ ಕೋರ್ಟಿನ ನೋಟಿಸೆಂದು ಹೆದರಿ ಯಾರ ಕೈಯಲ್ಲಾದರೂ ಓದಿಸುತ್ತಿದ್ದೆ.

ಕ್ಯಾಮೆರಾ ಬಂತು. ಅದನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಎರಡು ದಿನ ದೇವರ ಜಗಲಿಯ ಮೇಲೆ ಇಟ್ಟಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದೇಕೆ? ಮೂರು ವರ್ಷದ ಹಿಂದೆ ನನ್ನ ಮಗ ಶರಣೂನ ಮದುವೆಗೆ ಸೋದರಮಾವನಾದ ನೀನು ಬರಲಿಲ್ಲ. ವಾರ ಮೊದಲು ಫೋನು ಮಾಡಿ, "ಫೋಟೋಕ್ಕ ಬ್ಯಾರೆದವರನ್ನ ನೋಡ್ಕೋರಿ, ನನಗ ಬರಾಕ ಆಗಂಗಿಲ್ಲ" ಎಂದು ಇಟ್ಟುಬಿಟ್ಟೆ. ಯಾಕೆ ಎಂದು ಹೇಳಲಿಲ್ಲ. ಗದಗಿನ ಹುಡುಗರು ಬಂದು ಮಂಟಪದ ಮೇಲೆ ಅದೇನೋ ಕ್ಯಾಮೆರಾ ಕಟ್ಟಿದ ಗಿರಗಿಟ್ಲೆ ಹಾರಿಸಿದರು. ಸೋದರಮಾವ ನಿಲ್ಲುವ ಜಾಗದಲ್ಲಿ ನಮ್ಮ ಓಣಿಯವರೊಬ್ಬರು ನಿಂತರು. ಆ ಮೇಲೆ ನೀನು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಈಗಲೂ ಮಾಡುವುದಿಲ್ಲ, ಯಾಕೆಂದರೆ ಫೋನು ಹಿಡಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಪೆನ್ನಾದರೆ ಸ್ವಲ್ಪ ತಡೆದು ಹೋಗುತ್ತದೆ.

ಆದರೆ ಕೂಸಿಗೆ ಯಾರ ಮೇಲೂ ಸಿಟ್ಟಿಲ್ಲವಲ್ಲ. ಶರಣು ಸೀರೆಗಂಟು ಹೊತ್ತು ಊರೂರು ತಿರುಗುತ್ತಾನೆ, ಅವನ ಫೋನು ಅವನ ಜೊತೆಗೇ ತಿರುಗುತ್ತದೆ. ನನ್ನದು ಬಟನ್ನಿನ ಫೋನು. ಅದಕ್ಕೇ ನಿನ್ನ ಕ್ಯಾಮೆರಾ ಬಿಚ್ಚಿದೆ. ಬಿಚ್ಚಿದರೆ ಸ್ಕ್ರೀನಿನ ತುಂಬ ಗುರುತುಗಳು, ಸಂತೆಯಲ್ಲಿ ಹಚ್ಚೆ ಹಾಕುವವಳ ಹಲಗೆ ಇದ್ದ ಹಾಗೆ!

ಒಂದು ಮಿಂಚಿನ ಗುರುತು. ಅದರ ಮೇಲೊಂದು ಅಡ್ಡಗೆರೆ. ಕರೆಂಟು ಹೋಗಿದೆ ಎಂದು ಹೇಳುತ್ತಿದೆ ಅಂದುಕೊಂಡೆ. ನಮ್ಮ ಓಣಿಯಲ್ಲಿ ಖರೇನೇ ಕರೆಂಟು ಹೋಗಿತ್ತು, ನೋಡು! ಬರಲಿ ಎಂದು ಕಾದು ಕೂತೆ. ಕರೆಂಟು ಬಂದರೂ ಗೆರೆ ಹೋಗಲಿಲ್ಲ. ಯಾವುದೋ ಬಟನ್ನು ಒತ್ತಿದೆ, ಗೆರೆ ಹೋಗಿ ಮಿಂಚಿನ ಪಕ್ಕದಲ್ಲಿ ಒಂದು ಕಣ್ಣು ಬಂತು. ಕೂಸಿನ ಮುಂದೆ ಹಿಡಿದಾಗ ಕಣ್ಣು ಕಾಣಿಸಿದರೆ ಏನೆಂದು ತಿಳಿಯಬೇಕು? ದೃಷ್ಟಿ ತಾಗಿದೆ ಎಂದು ಕ್ಯಾಮೆರಾಕ್ಕೂ ಗೊತ್ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಸೊಸೆ ವಿಜಯಲಕ್ಷ್ಮಿ ನಗುತ್ತಿದ್ದಳು. ನಗಲಿ, ಅವಳಿಗೆ ಇದು ಮೊದಲನೆಯ ಕೂಸು.

ಇನ್ನೊಂದು ಹೂವಿನ ಗುರುತಿದೆ. ಪುಷ್ಪಾವತಿ ಎಂಬ ನನ್ನ ಹೆಸರಿಗೆ ಸರಿಹೊಂದುತ್ತದೆ ಎಂದು ಅದನ್ನೇ ಇಟ್ಟುಕೊಂಡಿದ್ದೇನೆ. ಹಿತ್ತಲಿನಿಂದ ಗುಡ್ಡದ ಫೋಟೋ ತೆಗೆದರೆ ಗುಡ್ಡ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ ಕಾಣಿಸಿತು.

ಕಡೆಯದು ಒಂದು ಕೈ. ಮಗ್ಗದ ಕೋಣೆಯಲ್ಲಿ ಕೂಸನ್ನು ಮಲಗಿಸಿ ನೋಡಿದಾಗ ಮೂಲೆಯಲ್ಲಿ ಕೆಂಪಗೆ ಹೊತ್ತಿತು. ಕೈಯ ಆಚೆ ಈಚೆ ಸಣ್ಣ ಗೆರೆಗಳು. ಯಾರನ್ನೋ ಕೈಬೀಸಿ ಕರೆಯುವ ಹಾಗಿದೆ. ಯಾರನ್ನು ಕರೆಯುತ್ತದೆಯೋ ನನಗೆ ತಿಳಿಯದು. ಇದೆಲ್ಲ ಏನೆಂದು ಬರೆ. ಕೈಯಲ್ಲಿ ಬರೆ.

ಸಿಟ್ಟಿನ ತಂಗಿ,
ಪುಷ್ಪಾವತಿ


ನರಗುಂದ
೪-೧೦-೨೦೨೪

ತಂಗಿ ಪುಷ್ಪಾವತಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಮಗ ಶರತ ಗಟ್ಟಿಯಾಗಿ ಓದಿದ. ಅವನೂ ನಿನ್ನ ಅತ್ತಿಗೆ ಸಕ್ಕೂಬಾಯಿಯೂ ಹೊಟ್ಟೆ ಹಿಡಿದು ನಕ್ಕರು. "ಪುಷ್ಪಾ ಇನ್ನೂ ಹಂಗ ಅದಾಳ ನೋಡ್ರಿ, ಒಂದ ಕೂದಲಾನೂ ಬದಲಾಗಿಲ್ಲ" ಎಂದಳು. ಟೈಪಿನ ವಿಷಯಕ್ಕೆ ಬೈದಿದ್ದೀಯ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರುವುದಿಲ್ಲ, ನಾನು ಹೇಳುತ್ತೇನೆ, ಮಗ ಬಡಿಯುತ್ತಾನೆ. ಅಷ್ಟೇ.

ಮಿಂಚು ಎಂದರೆ ಫ್ಲ್ಯಾಶು, ಕ್ಯಾಮೆರಾದ ಸ್ವಂತ ಬೆಳಕು. ಅಡ್ಡಗೆರೆ ಇದ್ದರೆ ಆ ಬೆಳಕು ಬಂದ್ ಎಂದರ್ಥ, ನಿಮ್ಮ ಓಣಿಯ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಕೂಸಿನ ಮುಂದೆ ಅಡ್ಡಗೆರೆಯನ್ನೇ ಇಟ್ಟುಕೋ. ಎಳೆಯ ಕಣ್ಣಿಗೆ ಫ್ಲ್ಯಾಶು ಬೇಡ. ಮಿಂಚಿನ ಪಕ್ಕದ ಕಣ್ಣು ದೃಷ್ಟಿಯದಲ್ಲ. ಫ್ಲ್ಯಾಶು ಹಾರಿಸಿದರೆ ಕೆಲವರ ಕಣ್ಣು ಫೋಟೋದಲ್ಲಿ ಕೆಂಪಗೆ ಕಾಣುತ್ತವೆ. ಹಾಗಾಗದಿರಲೆಂದು ಮೊದಲೊಂದು ಸಣ್ಣ ಬೆಳಕು ಬಿಟ್ಟು ಕಣ್ಣಿಗೆ ಎಚ್ಚರ ಹೇಳುತ್ತದೆ. ಆದರೂ ನಿವಾಳಿಸಿದ್ದು ಒಳ್ಳೆಯದೇ ಆಯಿತು. ಕ್ಯಾಮೆರಾಕ್ಕೂ ಒಂದು ಸಲ ನಿವಾಳಿಸು, ನೀನು ಅದನ್ನು ಕೆಕ್ಕರಿಸಿ ನೋಡುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತದೆ.

ಹೂವು ನಿನ್ನ ಹೆಸರಿಗಾಗಿ ಇಟ್ಟದ್ದಲ್ಲ. ಗೇಣಿನಷ್ಟು ಹತ್ತಿರದ ವಸ್ತುವಿಗೆ ಅದು. ಸೀರೆಯ ಅಂಚು, ಕೂಸಿನ ಕಿವಿ, ಅಂಥದ್ದಕ್ಕೆ. ಗುಡ್ಡ ನೋಡುವಾಗ ಹೂವನ್ನು ತೆಗೆದುಹಾಕು, ಗುಡ್ಡ ಗುಡ್ಡದ ಹಾಗೆ ಬರುತ್ತದೆ.

ಬಲಗಡೆ ಮೇಲೆ ಸಣ್ಣ ಡಬ್ಬಿ ಇದೆಯಲ್ಲ, ಅದು ಬ್ಯಾಟರಿ. ಒಳಗಿನ ಗೆರೆಗಳು ಕರಗುತ್ತ ಬಂದು ಡಬ್ಬಿ ಖಾಲಿಯಾಗಿ ಮಿಣುಕತೊಡಗಿದರೆ ಚಾರ್ಜಿಗೆ ಹಾಕು. ಅದರ ಪಕ್ಕದ ಅಂಕಿ ಇನ್ನೆಷ್ಟು ಫೋಟೋ ಹಿಡಿಯುತ್ತದೆ ಎಂಬ ಲೆಕ್ಕ. ರೀಲಿನ ಕಾಲದ ಹಾಗೆ ಕೈ ಬಿಗಿ ಹಿಡಿಯಬೇಡ, ತೆಗಿ. ಬಟನ್ನನ್ನು ಒಮ್ಮೆಲೇ ಒತ್ತದೆ ಅರ್ಧ ಒತ್ತಿ ತಡೆ. ನಡುವಿನ ಚೌಕ ಹಸಿರಾದಾಗ ಪೂರ್ತಿ ಒತ್ತು. ಹಸಿರು ಬರುವ ಮುಂಚೆ ಒತ್ತುವುದು ಹಸಿ ಭಕ್ರಿ ತಿಂದ ಹಾಗೆ.

ಮದುವೆಯ ಮಾತು ಬರೆದಿದ್ದೀಯ. ಓದಿದೆ. ಕೂಸಿನ ಕಿವಿಗೆ ಗಾಳಿ ಬೀಳದಂತೆ ನೋಡಿಕೊಳ್ಳಿರಿ.

ಇಂತು,
ಗವಿಸಿದ್ದಪ್ಪ


ಗಜೇಂದ್ರಗಡ
೨೪-೧೦-೨೦೨೪

ಅಣ್ಣಾ,

ಹಸಿರು ಚೌಕ ಬಂತು! ಈ ತನಕ ನಾನು ತೆಗೆದ ಫೋಟೋಗಳಲ್ಲಿ ಕೂಸಿಗೆ ಮೂರು ಮೂಗು ಇರುತ್ತಿದ್ದವು, ಈಗ ಒಂದಕ್ಕೆ ಬಂದಿದೆ. ಅದೂ ನಮ್ಮ ಅವ್ವನ ಮೂಗು. ಅವ್ವ ಮೂಗುಬಟ್ಟು ಬಿಚ್ಚಿಟ್ಟು ಮತ್ತೆ ಹುಟ್ಟಿ ಬಂದಿದ್ದಾಳೆ ಎಂದು ನಾನು ಹೇಳಿದರೆ ನಮ್ಮ ಮನೆಯವರು, "ಎಲ್ಲಾ ನಿಮ್ಮ ಕಡೀದ ಹೇಳು, ನಮ್ಮ ಕಡೀದ ಒಂದಾದ್ರೂ ಐತೇನ?" ಎಂದರು. ಅಳು ನಿಮ್ಮ ಕಡೆಯದು ಎಂದೆ.

ಒಂದು ತಮಾಷೆ ಕೇಳು. ಕ್ಯಾಮೆರಾ ಮುಖವನ್ನು ತಾನೇ ಹುಡುಕಿ ಚೌಕ ಹಾಕುತ್ತದಲ್ಲ, ಮೊನ್ನೆ ಹಾಸಿಗೆಯ ಕಡೆ ಹಿಡಿದರೆ ಕೂಸಿನ ಮುಖ ಬಿಟ್ಟು ಗೋಡೆಯ ಕ್ಯಾಲೆಂಡರಿನ ಬನಶಂಕರಿ ದೇವಿಯ ಮುಖಕ್ಕೆ ಹಾಕಿತು. ಎಷ್ಟು ತಿರುಗಿಸಿದರೂ ದೇವಿಯನ್ನೇ ಹಿಡಿಯಿತು. ಅಲ್ಲಿಗೆ ಹೆಸರಿನ ಚರ್ಚೆ ಮುಗಿಯಿತು. ಕೂಸಿಗೆ ಬನಶಂಕರಿ ಎಂದೇ ಇಡುವುದೆಂದು ನಿಶ್ಚಯವಾಯಿತು.

ಹಗಲೆಲ್ಲ ಮಗ್ಗದಲ್ಲಿ ಇರುತ್ತೇನೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಾಗ ಎಡಗಡೆ ಕೂಸು, ಬಲಗಡೆ ನೂಲು ಸುತ್ತಿದ ಕಂಡಕಿಗಳ ಬುಟ್ಟಿ. ಲಾಳಿ ಓಡುವ ಸಪ್ಪಳ ನಿಂತರೆ ಕೂಸು ಎಚ್ಚರಾಗುತ್ತದೆ, ಸಪ್ಪಳವಿದ್ದರೆ ನಿದ್ದೆ. ನೇಕಾರರ ಮನೆಯ ಕೂಸೆಂದು ಅದಕ್ಕೆ ಯಾರು ಹೇಳಿಕೊಟ್ಟರೋ. ಪಟ್ಟೇದಂಚಿನ ಸೀರೆಯ ಮೇಲೆ ಮಲಗಿಸಿ ತೆಗೆದ ಫೋಟೋ ಒಂದಿದೆ. ಅಣ್ಣಾ, ಅದನ್ನು ನೀನು ನೋಡಬೇಕು. ಒಂದು ಕೈ ಮುಷ್ಟಿ ಮಾಡಿ ಗಲ್ಲದ ಕೆಳಗಿಟ್ಟುಕೊಂಡು ಊರ ಪಂಚಾಯಿತಿ ಮಾಡುವವಳ ಹಾಗೆ ಮಲಗಿದ್ದಾಳೆ.

ಈಗ ಮುಖ್ಯ ಮಾತು. ಐದನೆಯ ತಿಂಗಳಲ್ಲಿ, ಸಂಕ್ರಾಂತಿ ಆದ ಮೇಲೆ, ಜನವರಿ ಹತ್ತೊಂಬತ್ತು ಭಾನುವಾರ ತೊಟ್ಟಿಲು ಹಾಕುವುದೆಂದು ನಿಶ್ಚಯಿಸಿದ್ದೇವೆ. ನೀನು ಬರಬೇಕು. ಮದುವೆಯಲ್ಲಿ ಆಗದ ಶಾಸ್ತ್ರವನ್ನು ಇದರಲ್ಲಿ ತೀರಿಸಿದರೆ ನನ್ನ ಸಿಟ್ಟು ಇಳಿಯುತ್ತದೆ. ಇಳಿಯದಿದ್ದರೆ ಸತ್ತ ಮೇಲೂ ಹೊತ್ತುಕೊಂಡು ಹೋಗುತ್ತೇನೆ, ನನ್ನ ಸ್ವಭಾವ ನಿನಗೆ ಗೊತ್ತು.

ಎಲ್ಲ ಗುರುತು ಬರೆದೆ, ಕೈಯ ಗುರುತನ್ನು ಬಿಟ್ಟೆ. ಫ್ಲ್ಯಾಶಿಗೆ ಅಡ್ಡಗೆರೆ ಹಾಕಿದಾಗಿನಿಂದ ಮಗ್ಗದ ಕೋಣೆಯಲ್ಲಿ ಅದು ಹೊತ್ತಿಯೇ ಇರುತ್ತದೆ. ನಿನ್ನನ್ನೇ ಕರೆಯುತ್ತಿದೆ ಎಂದು ನನ್ನ ಲೆಕ್ಕ.

ದಾರಿ ಕಾಯುವ,
ಪುಷ್ಪಾ


ನರಗುಂದ
೧೦-೧೧-೨೦೨೪

ಪುಷ್ಪಾವತಿಗೆ ಆಶೀರ್ವಾದ.

ತೊಟ್ಟಿಲ ಸುದ್ದಿ ತಿಳಿದು ಮನಸ್ಸು ತುಂಬಿತು. ನನಗೆ ಬರಲು ಆಗುವುದಿಲ್ಲ. ಶರತನೂ ನಿನ್ನ ಅತ್ತಿಗೆಯೂ ಬರುತ್ತಾರೆ, ಉಡುಗೊರೆ ಅವರ ಕೈಯಲ್ಲಿ ಕಳಿಸುತ್ತೇನೆ. ಫೋಟೋ ಶರತ ತೆಗೆಯುತ್ತಾನೆ.

ಕೈಯ ಗುರುತು ನಿನಗೆ ಬೇಡ. ಅದು ಹೊತ್ತಿದರೆ ಹೊತ್ತಿಕೊಳ್ಳಲಿ. ಹಸಿರು ಚೌಕ ಬಂದರೆ ಸಾಕು.

ಇಂತು,
ಗವಿಸಿದ್ದಪ್ಪ


ಗಜೇಂದ್ರಗಡ
೨೮-೧೧-೨೦೨೪

ಅಣ್ಣಾ,

ನಿನ್ನ ಪತ್ರಕ್ಕೆ ಉತ್ತರ ಬರೆಯಬಾರದು ಎಂದಿದ್ದೆ. ಬರೆಯುವ ಹಾಗಾಯಿತು. ನನ್ನ ಕೈಯಾರೆ ಕೂಸಿನ ಫೋಟೋಗಳನ್ನೆಲ್ಲ ಕಳೆದುಕೊಂಡೆ.

ಹೇಗೆಂದು ಕೇಳು. ತೆಗೆದ ಫೋಟೋ ತಿರುಗಿಸಿ ನೋಡುವಾಗ ಕೆಳಗೊಂದು ಬುಟ್ಟಿಯ ಗುರುತು ಇರುತ್ತದೆ. ಅದರ ವಿಷಯ ನೀನು ಬರೆಯಲಿಲ್ಲ, ನಾನೂ ಕೇಳಲಿಲ್ಲ. ಬುಟ್ಟಿಯ ಬಗ್ಗೆ ಕೇಳುವುದೇನಿದೆ? ನಮ್ಮ ಮನೆಯಲ್ಲಿ ಸುತ್ತಿ ಸಿದ್ಧವಾದ ಕಂಡಕಿಯನ್ನು ಬುಟ್ಟಿಗೆ ಹಾಕುತ್ತೇವೆ. ಹರಿದ ನೂಲು, ಕೆಟ್ಟ ಎಳೆ ನೆಲಕ್ಕೆ ಬೀಳುತ್ತದೆ, ಸಂಜೆ ಗುಡಿಸುತ್ತೇವೆ. ಚಲೋದು ಬುಟ್ಟಿಗೆ, ಕೆಟ್ಟದ್ದು ನೆಲಕ್ಕೆ. ಹುಟ್ಟಿದಾಗಿನಿಂದ ಇದನ್ನೇ ನೋಡಿದ್ದೇನೆ.

ತೊಟ್ಟಿಲ ದಿನಕ್ಕೆ ಚಲೋ ಚಲೋ ಫೋಟೋ ಆರಿಸಿಡೋಣ ಎಂದು ನಿನ್ನೆ ಮಧ್ಯಾಹ್ನ ಕೂತೆ. ಒಂದೊಂದನ್ನೇ ನೋಡಿ ನೋಡಿ ಮನಸ್ಸಿಗೆ ಬಂದದ್ದನ್ನು ಬುಟ್ಟಿಗೆ ಹಾಕಿದೆ. ಪ್ರತಿ ಸಲ ಅದು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು, ನಾನು ಹ್ಞೂಂ ಎನ್ನುವ ಬಟನ್ನು ಒತ್ತುತ್ತಿದ್ದೆ. ಫೋಟೋ ಸ್ಕ್ರೀನಿನಿಂದ ಹೋಗುತ್ತಿತ್ತು, ಬುಟ್ಟಿಗೆ ಬಿತ್ತು ಎಂದು ಸಮಾಧಾನವಾಗುತ್ತಿತ್ತು. ಮುಷ್ಟಿ ಮಾಡಿ ಮಲಗಿದ್ದು, ಮೊದಲನೆಯ ಸಲ ನಕ್ಕದ್ದು, ಎರೆದ ಮೇಲೆ ಸಾಂಬ್ರಾಣಿ ಹೊಗೆಯಲ್ಲಿ ಕಣ್ಣು ಪಿಳಿಪಿಳಿ ಮಾಡಿದ್ದು, ಎಲ್ಲವನ್ನೂ ನನ್ನ ಕೈಯಾರೆ ಹಾಕಿದೆ. ಸಂಜೆ ವಿಜಯಲಕ್ಷ್ಮಿಗೆ ತೋರಿಸಲು ಹೋಗಿ, "ಬುಟ್ಯಾಗಿನ್ವು ತಗಿ ನೋಡೋಣು" ಎಂದೆ. ಅವಳು ಕ್ಯಾಮೆರಾ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅತ್ತಿ, ಅದು ಕಸದ ಬುಟ್ಟಿರಿ" ಎಂದಳು.

ಈಗ ಉಳಿದಿರುವುದು ಏನು ಗೊತ್ತೇ? ಅರ್ಧ ತಲೆ. ಮಾಳಿಗೆಯ ಜಂತೆ. ನನ್ನ ಹೆಬ್ಬೆರಳು. ಮೂರು ಮೂಗಿನ ಕೂಸು.

ಅವಳು ನನ್ನನ್ನು ಬೈದಿದ್ದರೆ ಚಲೋ ಇತ್ತು. ಹೋದ ಮುಖ ಮತ್ತೆ ಬರುವುದಿಲ್ಲ ಎಂದು ನೀನೇ ಬರೆದಿದ್ದೆ. ರಾತ್ರಿ ಊಟ ಸೇರಲಿಲ್ಲ.

ನಿನ್ನ,
ಪುಷ್ಪಾ


ನರಗುಂದ
೩-೧೨-೨೦೨೪

ನನ್ನ ತಂಗಿ ಪುಷ್ಪಾಗೆ,

ಇದನ್ನು ಓದಿದ ಕೂಡಲೇ 'ಆಫ್' ಎಂಬ ಬಟನ್ನು ಒತ್ತಿ ಕ್ಯಾಮೆರಾವನ್ನು ದುರ್ಗೇಶನ ಕೈಯಲ್ಲಿ ಕೊಡು. ಒಂದೇ ಒಂದು ಹೊಸ ಫೋಟೋ ತೆಗೆಯಬೇಡ. ಅಳಿಸಿದ ಫೋಟೋ ಒಮ್ಮೆಲೇ ಹೋಗುವುದಿಲ್ಲ, ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುವ ತನಕ ಕಾರ್ಡಿನಲ್ಲಿ ಇರುತ್ತದೆ. ಶರತ ಕಂಪ್ಯೂಟರಿಗೆ ಹಾಕಿ ತೆಗೆಯಲು ನೋಡುತ್ತಾನೆ. ಎಲ್ಲವೂ ಸಿಗದೆ ಹೋಗಬಹುದು, ಮೊದಲೇ ಹೇಳಿರುತ್ತೇನೆ.

ತಪ್ಪು ನಿನ್ನದಲ್ಲ. ಆ ಗುರುತು ಮಾಡಿದವನು ಮಗ್ಗದ ಮನೆಯಲ್ಲಿ ಹುಟ್ಟಿದವನಲ್ಲ. ನಮ್ಮ ಅಪ್ಪನ ಕೈಗೆ ಕ್ಯಾಮೆರಾ ಕೊಟ್ಟಿದ್ದರೂ ಅವನು ಹೀಗೇ ಮಾಡುತ್ತಿದ್ದ, ಮಾಡಿ ಕ್ಯಾಮೆರಾಕ್ಕೇ ಬೈಯುತ್ತಿದ್ದ. ಉಂಡು ಮಲಗು.

ಹೇಳದೆ ಬಿಟ್ಟದ್ದರಿಂದ ಏನಾಗುತ್ತದೆ ಎಂದು ನೋಡಿದ ಮೇಲೆ ಕೈಯ ಗುರುತನ್ನೂ ಹೇಳಿಬಿಡುತ್ತೇನೆ. ಅದು ಯಾರನ್ನೂ ಕರೆಯುವುದಿಲ್ಲ. ಅಲುಗಬೇಡ ಎನ್ನುತ್ತದೆ. ಆದರೆ ಅದು ನಿನ್ನ ಕೈಯನ್ನು ನೋಡಿ ಹೊತ್ತುವುದಲ್ಲ, ಬೆಳಕನ್ನು ನೋಡಿ ಹೊತ್ತುತ್ತದೆ. ಬೆಳಕು ಕಡಿಮೆ ಇದ್ದಲ್ಲಿ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ಕೈ ಒಂದೆಳೆ ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಚೆನ್ನಾಗಿ ಬೆಳಕಿದ್ದರೆ ಕಣ್ಣು ಥಟ್ಟನೆ ತೆರೆದು ಮುಚ್ಚುತ್ತದೆ, ಅಲುಗಾಟ ಒಳಗೆ ಹೋಗಲು ಸಂದೇ ಸಿಗುವುದಿಲ್ಲ. ಮಗ್ಗದ ಕೋಣೆ ಕತ್ತಲೆ, ಅದಕ್ಕೆ ನಿನಗೆ ಯಾವಾಗಲೂ ಕಾಣಿಸುತ್ತದೆ.

ಇಂತು,
ಗವಿಸಿದ್ದಪ್ಪ


ಗಜೇಂದ್ರಗಡ
೨೦-೧೨-೨೦೨೪

ಅಣ್ಣಾ,

ಕ್ಯಾಮೆರಾ ತಿರುಗಿ ಬಂತು. ಹನ್ನೊಂದು ಫೋಟೋ ಸಿಕ್ಕವು. ಮುಷ್ಟಿಯದು ಸಿಕ್ಕಿತು! ನಕ್ಕದ್ದು ಅರ್ಧ ಸಿಕ್ಕಿದೆ, ಬಾಯಿಯ ಕೆಳಗೆ ಬೂದು ಪಟ್ಟೆ ಬಂದಿದೆ. ಕಣ್ಣು ನೋಡಿದರೇ ನಗು ತಿಳಿಯುತ್ತದೆ ಎಂದು ವಿಜಯಲಕ್ಷ್ಮಿ ಅದನ್ನೇ ಎತ್ತಿಟ್ಟುಕೊಂಡಿದ್ದಾಳೆ. ಶರತನಿಗೆ ನೂರು ವರ್ಷ ಆಯುಷ್ಯವಾಗಲಿ.

ಕ್ಯಾಮೆರಾ ಕೊಡಲು ಬಂದ ದುರ್ಗೇಶನಿಗೆ ಚಹಾ ಕೊಟ್ಟೆ. ಅವನು ಕಪ್ಪು ಹಿಡಿದುಕೊಂಡು, "ಅಕ್ಕಾರ, ನರಗುಂದದ ಕಾಕಾರಿಗೆ ಔಷಧ ಏನರ ನಡದೈತೇನ್ರಿ?" ಎಂದು ಕೇಳಿದ. ಯಾವುದಕ್ಕೆ ಎಂದೆ. "ಕೈ ಭಾಳ ನಡಗತಾವಲ್ರಿ. ಸ್ಟ್ಯಾಂಡಿನ್ಯಾಗ ಖಾಜಾಸಾಬನ ಅಂಗಡ್ಯಾಗ ಚಹಾ ಕುಡೀಬೇಕಾದ್ರ ಎರಡೂ ಕೈಲೆ ಹಿಡದ್ರೂ ಅರ್ಧಾ ಚೆಲ್ಲಿ ಬಶ್ಯಾಗ ಇರತೈತಿ. ಮೂರ್ನಾಕ ವರ್ಷ ಆತಂತ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಗಿ ಗೊತ್ತಿದೆ ಎಂದೆ. ಅವನು ಹೋದ ಮೇಲೆ ಮಗ್ಗದಲ್ಲಿ ಕೂತೆ, ಲಾಳಿ ಎಸೆಯಲು ಮನಸ್ಸಾಗಲಿಲ್ಲ. ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು, ಮೊದಲಿದ್ದದ್ದಕ್ಕಿಂತ ಜಾಸ್ತಿ. ಹಾಗಾದರೆ ಮದುವೆಗೆ ಬರದಿದ್ದದ್ದು ಇದಕ್ಕೆ. ಟೈಪು ಮಾಡಿಸುವುದು ಇದಕ್ಕೆ. ಸ್ಟುಡಿಯೋ ಮುಚ್ಚಿದ್ದು ಇದಕ್ಕೆ, ನಾವೆಲ್ಲ ಫೋನು ಬಂದು ಧಂದೆ ಕೆಟ್ಟಿತು ಎಂದುಕೊಂಡೆವು. ನಾನು ನಿನ್ನನ್ನು ಕರೆದದ್ದು ಫೋಟೋ ತೆಗೆಯುವವನೆಂದೇನು? ನೀನು ಸೋದರಮಾವ. ಕೈ ನಡುಗುವ ಸೋದರಮಾವನನ್ನು ಮಂಟಪದಲ್ಲಿ ನಿಲ್ಲಿಸಬಾರದು ಎಂದು ಯಾವ ಶಾಸ್ತ್ರದಲ್ಲಿದೆ? ಹತ್ತು ಜನರ ಮುಂದೆ ಕ್ಯಾಮೆರಾ ಹಿಡಿದು ನಡುಗಿದರೆ ನಗುತ್ತಾರೆ ಎಂದು ಹೆದರಿದೆ. ನಕ್ಕವರ ಬಾಯಿ ಮುಚ್ಚಿಸಲು ನಾನು ಇರಲಿಲ್ಲವೇ? ನನ್ನ ಬಾಯಿ ಇರುವುದು ಮತ್ತೆ ಯಾತಕ್ಕೆ?

ಈಗ ನಿನ್ನ ಪಾಠವನ್ನೇ ನಿನಗೆ ಒಪ್ಪಿಸುತ್ತೇನೆ. ಬೆಳಕಿದ್ದರೆ ಅಲುಗಾಟ ಒಳಗೆ ಹೋಗಲು ಸಂದು ಸಿಗುವುದಿಲ್ಲ ಎಂದು ಬರೆದಿದ್ದೀಯ. ಹಾಗಾದರೆ ಕೈ ನಡುಗಿದರೇನು, ಬೆಳಕು ಹೆಚ್ಚು ಮಾಡಿದರಾಯಿತು. ತೊಟ್ಟಿಲು ಯಾವಾಗಲೂ ಸಂಜೆ ದೀಪ ಹಚ್ಚಿ ಹಾಕುತ್ತಾರೆ. ಬನಶಂಕರಿಯ ತೊಟ್ಟಿಲನ್ನು ಮಾಳಿಗೆಯ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ, ಸೂರ್ಯ ನೆತ್ತಿಗೆ ಬಂದಾಗ ಹಾಕುತ್ತೇನೆ. ಓಣಿಯ ಹೆಂಗಸರು ಆಗಲೇ ಗುಸುಗುಸು ಶುರು ಮಾಡಿದ್ದಾರೆ. "ಮಟಮಟ ಮಧ್ಯಾನ್ನದಾಗ ಯಾರರ ತೊಟ್ಟಲಾ ಹಾಕ್ತಾರೇನ ಯವ್ವಾ?" ಎಂದರು. "ನಮ್ಮಣ್ಣ ಬರೂದು ಮಧ್ಯಾನ್ನದಾಗ" ಎಂದೆ.

ನೀನು ಬರದಿದ್ದರೆ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲ. ಕೂಸು ಹೆಸರಿಲ್ಲದೆ ಶಾಲೆಗೆ ಹೋಗಲಿ.

ನಿನ್ನ ತಂಗಿ,
ಪುಷ್ಪಾ


ನರಗುಂದ
೨೯-೧೨-೨೦೨೪

ಪುಷ್ಪಾ,

ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ವಿಜಯಲಕ್ಷ್ಮಿಯ ಕಡೆ ಓದಿಸು.

ಹನ್ನೆರಡಕ್ಕೆ ಬೇಡ. ಆ ಹೊತ್ತಿನ ಬಿಸಿಲು ನೆತ್ತಿಯ ಮೇಲಿನಿಂದ ಬೀಳುತ್ತದೆ, ಎಲ್ಲರ ಕಣ್ಣ ಕೆಳಗೂ ಕರಿ ನೆರಳು ಬರುತ್ತದೆ. ಕೂಸು ಕಣ್ಣೇ ಬಿಡುವುದಿಲ್ಲ. ಹತ್ತಕ್ಕೆ ಇಡು. ತೊಟ್ಟಿಲಿನ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿಸು. ಹಿಂದಿನ ದಿನವೇ ಬ್ಯಾಟರಿ ತುಂಬಿಸಿಡು.

ತೊಟ್ಟಿಲ ಹಿಂದಿನ ಶನಿವಾರ ಸಂಜೆಯ ಬಸ್ಸಿನಲ್ಲಿ ನಮ್ಮ ಮೂವರಿಗೂ ಸೀಟು ಹಿಡಿಯಲು ದುರ್ಗೇಶನಿಗೆ ಹೇಳಿದ್ದೇನೆ.

ಅಣ್ಣ


ಗಜೇಂದ್ರಗಡ
೨೧-೧-೨೦೨೫

ಅಣ್ಣಾ,

ನೀವು ಬಸ್ಸು ಹತ್ತಿದ ಮೇಲೆ ಮನೆ ಬಣಬಣ ಎನ್ನಿಸಿತು. ಅತ್ತಿಗೆ ಮರೆತ ಕರ್ಚೀಪು ಇಲ್ಲಿದೆ. ಹೋಳಿಗೆ ಇನ್ನೂ ಉಳಿದಿವೆ, ನಮ್ಮ ಮನೆಯವರು ಸಕ್ಕರೆ ಕಾಯಿಲೆಯನ್ನು ಮರೆತು ಮುಗಿಸುತ್ತಿದ್ದಾರೆ.

ನೀನು ಹೋದ ಮೇಲೆ ಓಣಿಯವರು ಏನೆಂದರು ಕೇಳು. ಅಂದು ಗುಸುಗುಸು ಎಂದವರೇ ಬಂದು, "ಹಗಲಾಗ ಹಾಕಿದ್ದ ಚಲೋ ಆತ ನೋಡ, ಕೂಸಿನ ಮಾರಿ ಎಲ್ಲಾರಿಗೂ ಕಾಣಸ್ತು" ಎಂದರು. ಎದುರು ಮನೆಯವಳು ಮೊಮ್ಮಗನ ತೊಟ್ಟಿಲಿಗೂ ಹತ್ತು ಗಂಟೆ ಇಡುತ್ತಾಳಂತೆ. ಇನ್ನು ಹತ್ತು ವರ್ಷದಲ್ಲಿ ಗಜೇಂದ್ರಗಡದಲ್ಲಿ ಇದೇ ಪದ್ಧತಿಯಾದರೆ ನೀನೇ ಕಾರಣ.

ನೀನು ಕ್ಯಾಮೆರಾ ಎತ್ತಿದಾಗ ಎಲ್ಲರೂ ನಿನ್ನ ಕೈ ನೋಡಿದರು. ಸುಳ್ಳು ಹೇಳುವುದಿಲ್ಲ, ನೋಡಿದರು. ಆಮೇಲೆ ನೀನು, "ಏ, ಆ ನೀಲಿ ಸೀರಿಯಾಕಿ, ಹಿಂದ ಸರೀಬೇ, ಕೂಸಿನ ಮ್ಯಾಲ ನೆರಳ ಬೀಳಾಕತ್ತೈತಿ" ಎಂದು ಗದರಿಸಿದೆಯಲ್ಲ, ಆಗ ಮರೆತರು. ನನಗೆ ಬಹಳ ಹಿತವೆನಿಸಿತು, ಅಣ್ಣಾ. ನೀನು ಯಾರನ್ನಾದರೂ ಹಾಗೆ ಗದರಿಸಿದ್ದನ್ನು ಕೇಳಿ ಎಷ್ಟು ದಿನವಾಗಿತ್ತು!

ಕಾರ್ಡನ್ನು ನೀನು ಒಯ್ದಿದ್ದೀಯ. ಅದರಲ್ಲಿ ನಾನು ತೆಗೆದದ್ದೂ ಒಂದಿದೆ. ಕೆಟ್ಟಿದ್ದರೆ ಬೈಯಬೇಡ.

ಸಿಟ್ಟು ಇಳಿದ,
ಪುಷ್ಪಾ


ನರಗುಂದ
೨೬-೧-೨೦೨೫

ಪುಷ್ಪಾ,

ನಿನ್ನೆ ಸಂಜೆ ಶರತ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಒಂದೊಂದನ್ನೇ ದೊಡ್ಡದು ಮಾಡಿ ತೋರಿಸಿದ. ನಾನು ತೆಗೆದವುಗಳಲ್ಲಿ ಕೆಲವು ಓರೆಯಾಗಿವೆ, ಎರಡರಲ್ಲಿ ನೀಲಿ ಸೀರೆಯವಳು ಮತ್ತೆ ನುಗ್ಗಿದ್ದಾಳೆ. ಕಲಸಿಹೋದದ್ದು ಒಂದೂ ಇಲ್ಲ. ಕೂಸಿನ ರೆಪ್ಪೆಯ ಕೂದಲು ಎಣಿಸಬಹುದು. ಬಿಳಿ ಬಟ್ಟೆ ಕೆಲಸ ಮಾಡಿದೆ.

ಕಡೆಗೆ ನೀನು ತೆಗೆದದ್ದು ಬಂತು. ಕೂಸನ್ನು ನನ್ನ ಕೈಗೆ ಕೊಡಲು ಬಂದಾಗ ನಾನು, "ಬ್ಯಾಡವ್ವಾ, ನನ್ನ ಕೈ ಸರಿಯಿಲ್ಲ" ಎಂದದ್ದು ನೆನಪಿರಬೇಕು. "ನಿನ್ನ ಕೈ ತೂಗಿದ್ರ ಕೂಸಿಗೆ ತೊಟ್ಟಲದಾಗ ಇದ್ದಂಗ ಆಕ್ಕೈತಿ, ಹಿಡಿ" ಎಂದು ಇಟ್ಟೇಬಿಟ್ಟೆ. ಅದು ಅಳಲಿಲ್ಲ. ನನಗೆ ಜೀವ ಬಾಯಿಗೆ ಬಂದಿತ್ತು. ನೀನು ಆಗ ಎದುರಿಗೆ ನಿಂತು ಬಟನ್ನು ಒತ್ತಿದ್ದು ನನ್ನ ಗಮನಕ್ಕೇ ಬರಲಿಲ್ಲ.

ನೀವು ಆಯೇರಿನ ಉಡುಗೊರೆಯಾಗಿ ನನ್ನ ತಲೆಗೆ ಸುತ್ತಿದ ರುಮಾಲನ್ನು ಫೋಟೋದಲ್ಲಿ ಅರ್ಧ ಕತ್ತರಿಸಿದ್ದೀಯ. ಅದಕ್ಕೆ ಬೈಯಲೇಬೇಕು, ಬಂದಾಗ ಬೈಯುತ್ತೇನೆ. ಉಳಿದದ್ದು ಚೆನ್ನಾಗಿದೆ. ನನ್ನ ಎರಡೂ ಕೈಗಳು ಕೂಸಿನ ಕೆಳಗಿವೆ. ಉಗುರು ಕಾಣುತ್ತವೆ, ನರ ಕಾಣುತ್ತವೆ, ಹಳೆಯ ಕಾಲದ ಫೋಟೋ ತೊಳೆಯುವ ಔಷಧದಿಂದ ಹಳದಿಯಾದ ಹೆಬ್ಬೆರಳೂ ಕಾಣುತ್ತದೆ. ಆ ಹೊತ್ತಿನಲ್ಲಿ ಅವು ನಡುಗುತ್ತಿದ್ದವು. ನಿನಗೂ ಗೊತ್ತು, ನನಗೂ ಗೊತ್ತು. ಫೋಟೋದಲ್ಲಿ ಅವು ಸುಮ್ಮನಿವೆ, ಪುಷ್ಪಾ. ಒಂದೆಳೆಯೂ ಅಲುಗಿಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಕೈ ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

ಎಷ್ಟು ಹೊತ್ತು ನೋಡುತ್ತ ಕೂತೆನೋ ತಿಳಿಯದು. ಶರತ ಮುಂದಿನ ಫೋಟೋಕ್ಕೆ ಹೋಗದೆ ಹಾಗೇ ಬಿಟ್ಟಿದ್ದ. ನಿನ್ನ ಅತ್ತಿಗೆ ಒಳಗಿನಿಂದ ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಯಾರ ಕೈರಿ ಇವು?" ಎಂದಳು.

"ನನ್ನವ" ಎಂದೆ.

ನಿನ್ನ ಅಣ್ಣ,
ಗವಿಸಿದ್ದಪ್ಪ